ಯಂತ್ರವು ಓದಲು ಕಲಿತ ಕತೆ

ಮೊಬೈಲ್ ಫೋನು ಒಂದು ಪುಟವನ್ನು ಗಟ್ಟಿಯಾಗಿ ಓದುವುದನ್ನು ಇಂದಿನ ಮಕ್ಕಳು ಯಾವ ಬೆರಗೂ ಇಲ್ಲದೆ ಕೇಳುತ್ತಾರೆ. ಆದರೆ ‘ಒಳಗೆ ಕೂತು ಓದುತ್ತಿರುವವರು ಯಾರು?’ ಎಂದು ಮಗುವೊಂದು ಕೇಳಿಬಿಟ್ಟರೆ ಹಿರಿಯರಾದ ನಾವು ‘ಕಂಪ್ಯೂಟರ್’ ಎಂದು ಹೇಳಿ ಮಾತು ಮುಗಿಸುತ್ತೇವೆ. ಅದು ಉತ್ತರವಲ್ಲವೆಂಬುದು ಮಗುವಿಗೂ ಗೊತ್ತು, ನಮಗೂ ಗೊತ್ತು. ಈ ಪ್ರಶ್ನೆಗೆ ಉತ್ತರ ಹೇಳುವ ಸುಲಭದ ದಾರಿ ಚರಿತ್ರೆಯ ದಾರಿಯೆಂದು ನನಗೆ ತೋರುತ್ತದೆ. ಯಂತ್ರವು ಓದಲು ಕಲಿಯುವುದಕ್ಕೆ ಸುಮಾರು ಇನ್ನೂರೈವತ್ತು ವರ್ಷ ಹಿಡಿಯಿತು. ಮೊದಲು ಅದಕ್ಕೆ ಬಾಯಿ ಬಂತು. ಆಮೇಲೆ ಅದು ಅಕ್ಷರಗಳನ್ನು ಕೂಡಿಸಲು ಕಲಿಯಿತು. ಕೊನೆಗೆ ಹಿಂದುಮುಂದು ನೋಡಿ ಓದತೊಡಗಿತು. ನಮ್ಮ ಮಕ್ಕಳು ಕಲಿಯುವ ಕ್ರಮವೂ ಹೆಚ್ಚುಕಡಿಮೆ ಇದೇ.

ಹೊರನಾಡಿನ ಕನ್ನಡಿಗರಿಗೆ ಈ ಕತೆ ಇನ್ನೊಂದು ಕಾರಣಕ್ಕೂ ಮುಖ್ಯವಾಗಿದೆ. ಪುಣೆಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡವು ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಅಜ್ಜಿಯ ಮಾತು ಅರ್ಥವಾಗುತ್ತದೆ, ಅಜ್ಜಿಯ ಕಾಗದ ಅರ್ಥವಾಗುವುದಿಲ್ಲ. ಬರಹವನ್ನು ಮಾತಾಗಿಸುವ ಯಂತ್ರವು ಇಂತಹ ಮಕ್ಕಳಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಅರಿಯಬೇಕಾದರೆ ಅದು ನಡೆದುಬಂದ ದಾರಿಯನ್ನು ನೋಡಬೇಕು.

ಕತೆ ಗಾಳಿಯಿಂದ ಆರಂಭವಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ಹೇಳುವಾಗ ಕಹಳೆಯ ಹೋಲಿಕೆಯನ್ನು ತರುತ್ತಾನೆ. ಹೊಕ್ಕುಳಿನ ಮೂಲದಿಂದ ಗಾಳಿಯ ನೆರವಿನಿಂದ ಶಬ್ದವು ಹೊಮ್ಮುತ್ತದೆ ಎಂಬುದು ಅವನ ನಿರೂಪಣೆ. ನಮ್ಮ ವರ್ಣಮಾಲೆಯೂ ಬಾಯಿಯ ಭೂಪಟವೇ ಆಗಿದೆ. ಮಕ್ಕಳಿಗೆ ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿಸಿ ನೋಡಿ. ನಾಲಗೆ ತಗಲುವ ಜಾಗವು ಗಂಟಲಿನ ಕಡೆಯಿಂದ ಹೊರಟು ಅಂಗುಳ, ಹಲ್ಲುಗಳನ್ನು ದಾಟಿ, ಕೊನೆಗೆ ತುಟಿಗೇ ಬಂದು ನಿಲ್ಲುತ್ತದೆ. ಅಕ್ಷರಗಳನ್ನು ಹುಟ್ಟುವ ಸ್ಥಾನಕ್ಕೆ ಅನುಸಾರವಾಗಿ ಜೋಡಿಸಿದ ಈ ಕ್ರಮವನ್ನು ಭಾರತದ ಪ್ರಾಚೀನ ಶಿಕ್ಷಾಕಾರರು ರೂಪಿಸಿದ್ದರು. ಆದರೆ ಆ ಜ್ಞಾನದಿಂದ ಅವರು ಯಂತ್ರವನ್ನು ಕಟ್ಟಲು ಹೊರಡಲಿಲ್ಲ. ಅವರಿಗೆ ಬೇಕಾಗಿದ್ದುದು ಶುದ್ಧವಾಗಿ ಉಚ್ಚರಿಸುವ ಶಿಷ್ಯ.

ಯಂತ್ರ ಕಟ್ಟಲು ಹೊರಟವರು ಯೂರೋಪಿನ ವುಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್. ವೃತ್ತಿಯಲ್ಲಿ ಅವರು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಅಧಿಕಾರಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸರ್ಕಾರಿ ನೌಕರ. ಕಡತಗಳ ನಡುವೆ ಬಿಡುವು ಮಾಡಿಕೊಂಡು 1769ರಲ್ಲಿ ಆರಂಭಿಸಿದ ಕೆಲಸವನ್ನು ಅವರು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮುಂದುವರಿಸಿ, 1791ರಲ್ಲಿ ಅದರ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಯಂತ್ರದಲ್ಲಿ ಶ್ವಾಸಕೋಶದ ಬದಲು ತಿದಿ, ಗಂಟಲಿನ ಬದಲು ಕಂಪಿಸುವ ಪೀಪಿ, ಬಾಯಿಯ ಬದಲು ಮೆದುವಾದ ಒಂದು ಕೊಳವೆ, ಮೂಗಿನ ಬದಲು ಎರಡು ರಂಧ್ರಗಳಿದ್ದವು. ಒಂದು ಕೈಯಿಂದ ಆ ಬಾಯಿಯನ್ನು ಮುಚ್ಚಿ ತೆರೆಯುತ್ತ, ಮೊಣಕೈಯಿಂದ ತಿದಿಯನ್ನು ಒತ್ತುತ್ತ ಮಾತು ಹೊರಡಿಸಬೇಕಾಗಿತ್ತು. ತೆಂಗಿನ ಗರಿಯ ಪೀಪಿ ಊದಿದ ಮಕ್ಕಳಿಗೆ, ಹಾರ್ಮೋನಿಯಂ ನೋಡಿದ ಮಕ್ಕಳಿಗೆ ಇದರ ತತ್ತ್ವ ತಕ್ಷಣ ತಿಳಿಯುತ್ತದೆ. ಗಾಳಿ ಪೀಪಿಯನ್ನು ಕಂಪಿಸುತ್ತದೆ, ಪೀಪಿಯ ಮುಂದಿರುವ ಬಾಯಿಯ ಆಕಾರವು ಆ ದನಿಯನ್ನು ‘ಆ’ ಎಂದೋ ‘ಊ’ ಎಂದೋ ತಿದ್ದುತ್ತದೆ.

ಇದೇ ಕೆಂಪೆಲೆನ್ ತಾನೇ ಚದುರಂಗ ಆಡುವ ‘ತುರ್ಕ’ನೆಂಬ ಇನ್ನೊಂದು ಯಂತ್ರವನ್ನೂ ಮಾಡಿದ್ದರು. ಅದು ಕೈಚಳಕ, ಪೆಟ್ಟಿಗೆಯೊಳಗೆ ನಿಜವಾಗಿಯೂ ಒಬ್ಬ ಆಟಗಾರ ಅಡಗಿ ಕೂತಿರುತ್ತಿದ್ದ. ಅಂತಹವರು ಮಾತನಾಡುವ ಯಂತ್ರವನ್ನು ತೋರಿಸಿದಾಗ ‘ಒಳಗೆ ಯಾರಿದ್ದಾರೆ?’ ಎಂದು ನೋಡುಗರು ಶಂಕಿಸಿದ್ದರೆ ತಪ್ಪೇನಿಲ್ಲ. ಮಾತಿನ ಯಂತ್ರದೊಳಗೆ ಮಾತ್ರ ಯಾರೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಅದನ್ನು ತಿದ್ದಿ ಮತ್ತೆ ಕಟ್ಟಿದರು. ಅದನ್ನು ಕಂಡು ಪ್ರೇರಿತನಾದ ಹದಿಹರೆಯದ ಹುಡುಗನೊಬ್ಬ ತನ್ನ ಅಣ್ಣನೊಡನೆ ಸೇರಿ ‘ಮಾಮಾ’ ಎನ್ನುವ ಒಂದು ತಲೆಯನ್ನು ಮನೆಯಲ್ಲೇ ಮಾಡಿದ. ಆ ಹುಡುಗನ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಮುಂದೆ ಟೆಲಿಫೋನಿನ ಚರಿತ್ರೆಯಲ್ಲಿ ನಿಂತ ಹೆಸರು ಅದೇ.

ಆ ಟೆಲಿಫೋನಿನ ಕಂಪನಿಗೆ ಸೇರಿದ ಬೆಲ್ ಪ್ರಯೋಗಾಲಯದಲ್ಲಿ ಹೋಮರ್ ಡಡ್ಲಿ ಎಂಬ ಎಂಜಿನಿಯರು ತಿದಿ, ಪೀಪಿಗಳನ್ನು ಕೈಬಿಟ್ಟು ವಿದ್ಯುತ್ತಿನಿಂದ ಮಾತು ಹುಟ್ಟಿಸಿದರು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅವರ ‘ವೋಡರ್’ ಯಂತ್ರ ಜನರೆದುರು ಮಾತನಾಡಿತು. ಪಿಯಾನೊ ನುಡಿಸುವಂತೆ ಅದರ ಮುಂದೆ ಒಬ್ಬ ಮಹಿಳೆ ಕೂರುತ್ತಿದ್ದರು. ಬೆರಳುಗಳಿಗೆ ಹತ್ತು ಕೀಲಿಗಳು, ಗುಂಯ್‌ಗುಡುವ ದನಿ ಬೇಕೋ ಬುಸುಗುಡುವ ದನಿ ಬೇಕೋ ಎಂದು ಆರಿಸಲು ಮಣಿಕಟ್ಟಿಗೆ ಒಂದು ಪಟ್ಟಿ, ದನಿಯ ಏರಿಳಿತಕ್ಕೆ ಕಾಲಿಗೊಂದು ಪೆಡಲು. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡುತ್ತಿದ್ದ ಯುವತಿಯರಿಗೆ ಸುಮಾರು ಒಂದು ವರ್ಷದ ಅಭ್ಯಾಸ ಕೊಟ್ಟ ಮೇಲೆ ಅವರು ಅದನ್ನು ಸಲೀಸಾಗಿ ಮಾತನಾಡಿಸಬಲ್ಲವರಾದರು. ಹೀಗೆ 1939ರ ಹೊತ್ತಿಗೆ ಯಂತ್ರಕ್ಕೆ ಬಾಯಿ ಬಂದಿತ್ತು, ಓದು ಬಂದಿರಲಿಲ್ಲ. ಯಾವ ದನಿಯ ನಂತರ ಯಾವ ದನಿ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆ ಮಹಿಳೆಯರ ತಲೆಯಲ್ಲಿ ಮತ್ತು ಬೆರಳುಗಳಲ್ಲಿ ಇತ್ತು.

ಯಂತ್ರಕ್ಕೆ ಓದು ಕಲಿಸಬೇಕೆಂಬ ಒತ್ತಾಸೆ ಬಂದದ್ದು ಕಣ್ಣಿಲ್ಲದವರ ಕಡೆಯಿಂದ. 1913ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫೋರ್ನಿಯೆ ಡಾಲ್ಬ್ ಎಂಬುವರು ‘ಆಪ್ಟೊಫೋನ್’ ಎಂಬ ಉಪಕರಣವನ್ನು ಮಾಡಿದರು. ಮುದ್ರಿತ ಅಕ್ಷರದ ಮೇಲೆ ಅದು ಹಾದುಹೋದಾಗ ಅಕ್ಷರದ ಆಕಾರಕ್ಕೆ ತಕ್ಕಂತೆ ಸ್ವರಗಳು ಕೇಳಿಸುತ್ತಿದ್ದವು. ಆ ಸ್ವರಗಳಿಂದ ಅಕ್ಷರವನ್ನೂ ಅಕ್ಷರಗಳಿಂದ ಪದವನ್ನೂ ಊಹಿಸಬೇಕಾಗಿತ್ತು. ದೀರ್ಘ ಸಾಧನೆ ಇದ್ದವರಿಗೆ ಮಾತ್ರ ದಕ್ಕುವ ವಿದ್ಯೆ ಅದು. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಇದಕ್ಕಿಂತ ಉತ್ತಮವಾದ ಓದುವ ಯಂತ್ರವನ್ನು ಮಾಡುವ ಹೊಣೆ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯಕ್ಕೆ ಬಂತು. ಅಲ್ಲಿಯ ಫ್ರಾಂಕ್ಲಿನ್ ಕೂಪರ್, ಆಲ್ವಿನ್ ಲಿಬರ್‌ಮನ್ ಮೊದಲಾದವರು ಮೊದಲು ಯೋಚಿಸಿದ್ದು ಸರಳವಾಗಿತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಶಬ್ದವನ್ನು ಗೊತ್ತುಮಾಡಿ, ಮಣಿ ಪೋಣಿಸಿದಂತೆ ಒಂದರ ಹಿಂದೆ ಒಂದನ್ನು ಕೇಳಿಸಿದರಾಯಿತು ಎಂದುಕೊಂಡರು. ಅದು ಕೈಗೂಡಲಿಲ್ಲ. ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಶಬ್ದಗಳೆಲ್ಲ ಕಲಸಿಹೋಗಿ ಬರಿಯ ಗದ್ದಲವಾಗುತ್ತಿತ್ತು. ಮನುಷ್ಯರ ಮಾತು ಅದಕ್ಕಿಂತ ಎಷ್ಟೋ ವೇಗವಾಗಿ ಹರಿದರೂ ನಮಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೀಗೇಕೆ?

ಇದರ ಉತ್ತರವನ್ನು ಮಗು ಕನ್ನಡಿಯ ಮುಂದೆ ನಿಂತು ತಾನೇ ಕಂಡುಕೊಳ್ಳಬಹುದು. ಮೊದಲು ‘ಕಿ’ ಎನ್ನಲಿ, ಆಮೇಲೆ ‘ಕು’ ಎನ್ನಲಿ. ‘ಕು’ ಎನ್ನುವಾಗ ದನಿ ಹೊರಡುವ ಮೊದಲೇ ತುಟಿಗಳು ದುಂಡಗಾಗಿರುತ್ತವೆ. ಬಾಯಿ ‘ಕ್’ ಎನ್ನುವ ಹೊತ್ತಿಗಾಗಲೇ ಮುಂದೆ ಬರುವ ‘ಉ’ಕಾರಕ್ಕೆ ಸಿದ್ಧವಾಗಿದೆ. ಆದುದರಿಂದ ‘ಕಿ’ಯೊಳಗಿನ ಕಕಾರವೂ ‘ಕು’ವಿನೊಳಗಿನ ಕಕಾರವೂ ಕಿವಿಗೆ ಒಂದೇ ಎನಿಸಿದರೂ ಗಾಳಿಯಲ್ಲಿ ಬೇರೆ ಬೇರೆ. ಮಾತಿನಲ್ಲಿ ದನಿಗಳು ಒಂದರೊಳಗೊಂದು ನೆನೆದುಕೊಂಡಿರುತ್ತವೆ. ಹ್ಯಾಸ್ಕಿನ್ಸಿನವರು ಮಾತಿನ ಚಿತ್ರಗಳನ್ನು ಬರೆದು ಅವನ್ನು ಮರಳಿ ದನಿಯಾಗಿಸುವ ಒಂದು ಯಂತ್ರವನ್ನು ಕಟ್ಟಿ, ಈ ಸತ್ಯವನ್ನು ವರ್ಷಗಟ್ಟಲೆ ಪರೀಕ್ಷಿಸಿ ಸ್ಥಾಪಿಸಿದರು. ಕುರುಡು ಸೈನಿಕರಿಗೆ ಬೇಕಾಗಿದ್ದ ಯಂತ್ರ ಆಗ ಕೈಗೆ ಬರಲಿಲ್ಲ. ಅದರ ಬದಲು ಮಾತೆಂದರೇನು ಎಂಬ ಒಂದು ಹೊಸ ಶಾಸ್ತ್ರ ಹುಟ್ಟಿತು. ವ್ಯಂಜನ ಸ್ವರಗಳನ್ನು ಬೆಸೆದು ‘ಕಿ’, ‘ಕು’ ಎಂದು ಒಂದೇ ಆಕೃತಿಯಾಗಿ ಬರೆಯುವ ನಮ್ಮ ಲಿಪಿ ಈ ಶಾಸ್ತ್ರಕ್ಕೆ ಹತ್ತಿರವಾಗಿದೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳೋಣ. ಮುಂದೆ ಅದು ಉಪಯೋಗಕ್ಕೆ ಬರಲಿದೆ.

ಕಂಪ್ಯೂಟರ್ ಈ ಕತೆಯೊಳಗೆ ಬಂದದ್ದು ಹಾಡುತ್ತ. 1961ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲಿ ಮತ್ತು ಕ್ಯಾರಲ್ ಲಾಕ್‌ಬಾಮ್, ಐಬಿಎಂ 704 ಎಂಬ ಕಂಪ್ಯೂಟರಿನಿಂದ ‘ಡೈಸಿ ಬೆಲ್’ ಎಂಬ ಹಳೆಯ ಇಂಗ್ಲಿಷ್ ಹಾಡನ್ನು ಹಾಡಿಸಿದರು. ಅಲ್ಲಿಗೆ ಬಂದಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅದನ್ನು ಕೇಳಿದರು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಲನಚಿತ್ರದಲ್ಲಿ ಹಾಲ್ ಎಂಬ ಕಂಪ್ಯೂಟರು ಅಳಿಯುವ ಹೊತ್ತಿನಲ್ಲಿ ಇದೇ ಹಾಡನ್ನು ಹಾಡುವುದು ಆ ನೆನಪಿನಿಂದಲೇ.

ಅದೇ 1961ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದ ಭಾರತೀಯರೊಬ್ಬರು ಈ ಚರಿತ್ರೆಯಲ್ಲಿ ದೊಡ್ಡ ಪಾತ್ರ ವಹಿಸಿದ್ದಾರೆ. ಅವರು ಕಾನ್ಪುರದಲ್ಲಿ ಹುಟ್ಟಿದ ಬಿಷ್ಣು ಅಟಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಕೆಲವು ವರ್ಷ ಅಲ್ಲಿಯೇ ಧ್ವನಿಶಾಸ್ತ್ರವನ್ನು ಕಲಿಸಿ ಅಮೆರಿಕಕ್ಕೆ ಹೋದವರು. ಮಾತಿನ ದನಿಯಲ್ಲಿ ಒಂದು ಕ್ಷಣದ ಅಲೆಯನ್ನು ಅದರ ಹಿಂದಿನ ಕೆಲವು ಕ್ಷಣಗಳ ಅಲೆಗಳಿಂದ ಬಹುಮಟ್ಟಿಗೆ ಊಹಿಸಬಹುದು ಎಂಬ ತತ್ತ್ವವನ್ನು ಅವರು ಬೆಳೆಸಿದರು. ಅದೇ ಕಾಲದಲ್ಲಿ ಜಪಾನಿನಲ್ಲಿಯೂ ಇಂತಹ ಕೆಲಸ ನಡೆದಿತ್ತು. ಉಯ್ಯಾಲೆಯ ಕೆಲವು ತೂಗುಗಳನ್ನು ನೋಡಿದ ಮಗು ಮುಂದಿನ ತೂಗು ಎಲ್ಲಿಯವರೆಗೆ ಹೋಗುತ್ತದೆಂದು ಹೇಳಬಲ್ಲದಲ್ಲವೆ? ಹಾಗೆಯೇ ಇದು. ಊಹಿಸಲು ಬೇಕಾದ ಕೆಲವೇ ಸಂಖ್ಯೆಗಳನ್ನು ಉಳಿಸಿಕೊಂಡರೆ ಸಾಕು, ಇಡೀ ದನಿಯನ್ನು ಉಳಿಸಬೇಕಾಗಿಲ್ಲ. ಇದರಿಂದ ಮಾತು ಒಂದು ಸಣ್ಣ ಚಿಪ್ಪಿನೊಳಗೆ ಹಿಡಿಯುವಂತಾಯಿತು. 1978ರಲ್ಲಿ ಮಾರುಕಟ್ಟೆಗೆ ಬಂದ ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಆಟಿಕೆ ಈ ತತ್ತ್ವದಿಂದಲೇ ಮಾತನಾಡಿತು. ಅದು ಮಕ್ಕಳಿಗೆ ಇಂಗ್ಲಿಷ್ ಕಾಗುಣಿತವನ್ನು ಕಲಿಸುತ್ತಿತ್ತು.

ಇಂಗ್ಲಿಷ್ ಕಾಗುಣಿತವನ್ನು ಮಕ್ಕಳಿಗೆ ಕಲಿಸುವುದೇ ಕಷ್ಟ. ಯಂತ್ರಕ್ಕೆ ಕಲಿಸುವುದು ಇನ್ನೂ ಕಷ್ಟ. ದೋ, ಥ್ರೂ, ಕಾಫ್, ರಫ್ ಎಂಬ ನಾಲ್ಕು ಪದಗಳೂ ಒ, ಯು, ಜಿ, ಎಚ್ ಎಂಬ ಅದೇ ನಾಲ್ಕು ಅಕ್ಷರಗಳಿಂದ ಮುಗಿಯುತ್ತವೆ, ನಾಲ್ಕರ ಉಚ್ಚಾರವೂ ಬೇರೆ. ‘ರೀಡ್’ ಎಂದು ಓದಬೇಕೋ ‘ರೆಡ್’ ಎಂದು ಓದಬೇಕೋ ಎಂಬುದು ವಾಕ್ಯದ ಕಾಲವನ್ನು ಅವಲಂಬಿಸಿದೆ. 1968ರಲ್ಲಿ ಇಡೀ ಇಂಗ್ಲಿಷ್ ಬರಹವನ್ನು ಓದುವ ಮೊದಲ ವ್ಯವಸ್ಥೆಯನ್ನು ರೂಪಿಸಿದವರು ಜಪಾನಿನ ನೊರಿಕೊ ಉಮೆಡಾ ಮತ್ತು ಸಂಗಡಿಗರು. ಇಂಗ್ಲಿಷ್ ಮನೆಮಾತಲ್ಲದವರೇ ಇಂಗ್ಲಿಷ್ ಓದುವುದನ್ನು ಯಂತ್ರಕ್ಕೆ ಕಲಿಸಿದ್ದು ಇಂಗ್ಲಿಷನ್ನು ನಿಯಮ ಹಿಡಿದು ಕಲಿತ ನಮ್ಮಂಥವರಿಗೆ ಸೋಜಿಗವೆನಿಸಲಿಕ್ಕಿಲ್ಲ. 1976ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯವು ಇಂಗ್ಲಿಷ್ ಅಕ್ಷರಗಳಿಂದ ಉಚ್ಚಾರಕ್ಕೆ ಹೋಗುವ 329 ನಿಯಮಗಳನ್ನು ಪ್ರಕಟಿಸಿತು. ಅಷ್ಟು ನಿಯಮಗಳಿದ್ದರೂ ಸಾಮಾನ್ಯ ಬರಹದಲ್ಲಿ ಹತ್ತಕ್ಕೆ ಒಂದು ಪದದಷ್ಟು ತಪ್ಪುತ್ತಿತ್ತು. 1987ರಲ್ಲಿ ಟೆರೆನ್ಸ್ ಸೆಜ್ನೋವ್‌ಸ್ಕಿ ಮತ್ತು ಚಾರ್ಲ್ಸ್ ರೋಸೆನ್‌ಬರ್ಗ್ ನಿಯಮಗಳನ್ನೇ ಬದಿಗಿಟ್ಟರು. ಅವರ ‘ನೆಟ್‌ಟಾಕ್’ ಬರಿಯ ಉದಾಹರಣೆಗಳಿಂದ ಕಲಿಯುತ್ತಿತ್ತು. ಮೊದಮೊದಲು ಎಳೆಗೂಸಿನಂತೆ ತೊದಲಿ, ತಪ್ಪು ತಿದ್ದಿಕೊಳ್ಳುತ್ತ ಹೋಗಿ, ಕೊನೆಗೆ ತಿಳಿಯುವಂತೆ ಓದಿತು. ಇಂದಿನ ಯಂತ್ರಗಳ ಕಲಿಕೆಯ ಬೀಜ ಆ ತೊದಲಿನಲ್ಲಿದೆ.

ಈ ನಡುವೆ 1976ರಲ್ಲಿ ಕುರುಡರಿಗೆ ಕೊಟ್ಟ ಮಾತು ಕೊನೆಗೂ ನಡೆಯಿತು. ರೇ ಕರ್ಜ್‌ವೈಲ್ ಅವರು ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟದೊಡನೆ ಸೇರಿ ಒಂದು ಓದುವ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಗಾಜಿನ ಮೇಲೆ ಪುಸ್ತಕವನ್ನು ಕವುಚಿಟ್ಟರೆ ಅದು ಅಕ್ಷರಗಳನ್ನು ಗುರುತಿಸಿ ಗಟ್ಟಿಯಾಗಿ ಓದುತ್ತಿತ್ತು. ಅದನ್ನು ಮೊದಲು ಕೊಂಡವರಲ್ಲಿ ಅಂಧ ಗಾಯಕ ಸ್ಟೀವಿ ವಂಡರ್ ಒಬ್ಬರು.

ಅದೇ ಕಾಲದಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಡೆನಿಸ್ ಕ್ಲಾಟ್ ಎಂಬ ವಿಜ್ಞಾನಿ ಮಾತಿನ ಸೂಕ್ಷ್ಮಗಳನ್ನು ಅಳೆಯುತ್ತ ಕೂತಿದ್ದರು. ಯಾವ ದನಿ ಎಷ್ಟು ಹೊತ್ತು ನಿಲ್ಲಬೇಕು, ವಾಕ್ಯದ ಕೊನೆಯಲ್ಲಿ ಅದು ಎಷ್ಟು ಹಿಗ್ಗಬೇಕು ಎಂಬುದನ್ನೆಲ್ಲ ಅವರು ಲೆಕ್ಕಕ್ಕಿಳಿಸಿದರು. ಕನ್ನಡ ಛಂದಸ್ಸನ್ನು ಓದಿದವರಿಗೆ ಇದು ಹೊಸತೆನಿಸದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಗುಣಿಸುವಾಗ ನಾವು ಎಣಿಸುವುದು ಕಾಲವನ್ನೇ. ‘ಕತೆ’ಗೂ ‘ಕತ್ತೆ’ಗೂ, ‘ಕರು’ವಿಗೂ ‘ಕಾರು’ವಿಗೂ ಇರುವ ವ್ಯತ್ಯಾಸವನ್ನು ಮಾಡುವುದೂ ಕಾಲವೇ. ಕ್ಲಾಟ್ ಅವರ ಕೆಲಸದಿಂದ 1984ರಲ್ಲಿ ‘ಡೆಕ್‌ಟಾಕ್’ ಎಂಬ ಯಂತ್ರ ಬಂತು. ಅದರ ಮುಖ್ಯ ದನಿಗೆ ಅವರು ತಮ್ಮ ಸ್ವಂತ ದನಿಯನ್ನೇ ಮಾದರಿಯಾಗಿಸಿದ್ದರು. ಹೆಣ್ಣುದನಿಗೆ ಪತ್ನಿಯ ಮಾತು, ಮಗುವಿನ ದನಿಗೆ ಮಗಳ ಮಾತು ಮಾದರಿಯಾಯಿತು. 1985ರಲ್ಲಿ ನ್ಯುಮೋನಿಯಾಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ದೊರೆತದ್ದು ಕ್ಲಾಟ್ ಅವರ ಮಾದರಿಯಿಂದ ಹೊಮ್ಮಿದ ದನಿ. ಅತ್ತ ಕ್ಲಾಟ್ ಅವರು ಕ್ಯಾನ್ಸರಿಗೆ ತುತ್ತಾಗಿ, ತಮ್ಮ ದನಿಯನ್ನು ತಾವೇ ಕಳೆದುಕೊಳ್ಳುತ್ತ, 1988ರಲ್ಲಿ ತೀರಿಕೊಂಡರು. ಮುಂದೆ ಇದಕ್ಕಿಂತ ಇಂಪಾದ ದನಿಗಳು ಬಂದರೂ ಹಾಕಿಂಗ್ ಅವರು ಬದಲಾಯಿಸಲು ಒಪ್ಪಲಿಲ್ಲ. ಇಂಗ್ಲೆಂಡಿನವರಾಗಿ ಅಮೆರಿಕದ ಉಚ್ಚಾರದಲ್ಲಿ ಮಾತನಾಡಬೇಕಾಗಿ ಬಂದರೂ ಅದು ಅವರ ಪಾಲಿಗೆ ತಮ್ಮ ದನಿಯೇ ಆಗಿಬಿಟ್ಟಿತ್ತು. 2018ರಲ್ಲಿ ಅವರು ತೀರಿಕೊಳ್ಳುವವರೆಗೂ ಲೋಕಕ್ಕೆ ಕೇಳಿಸಿದ್ದು ಅದೇ.

ಇನ್ನು ಕನ್ನಡಕ್ಕೆ ಬರೋಣ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ನಮ್ಮದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಹುಮಟ್ಟಿಗೆ ಅದು ನಿಜ. 329 ನಿಯಮಗಳ ಅಗತ್ಯ ನಮಗಿಲ್ಲ. ಆದರೆ ಯಂತ್ರದ ಪಕ್ಕದಲ್ಲಿ ಕೂತು ನೋಡಿದರೆ, ನಾವು ಅರಿವಿಲ್ಲದೆ ಎಷ್ಟನ್ನು ತುಂಬಿಕೊಂಡು ಓದುತ್ತೇವೆ ಎಂಬುದು ತಿಳಿಯುತ್ತದೆ. ಸೊನ್ನೆಯೊಂದನ್ನೇ ನೋಡಿ. ಅಂಕ, ಅಂಚು, ಅಂಟು, ಅಂದ, ಅಂಬು: ಬರೆಯುವುದು ಒಂದೇ ಸೊನ್ನೆ, ಓದುವುದು ಐದು ಬೇರೆ ಬೇರೆ ಅನುನಾಸಿಕಗಳನ್ನು. ಮುಂದಿನ ಅಕ್ಷರ ಯಾವ ವರ್ಗದ್ದು ಎಂದು ನೋಡಿಯೇ ಸೊನ್ನೆಯನ್ನು ಉಚ್ಚರಿಸಬೇಕು. ಸಂಶಯ, ಸಿಂಹಗಳಲ್ಲಿ ಅದು ಮತ್ತೊಂದು ಬಗೆ. ‘ಸೂರ್ಯ’ ಎಂದು ಬರೆದಾಗ ಅರ್ಕಾವತ್ತು ಯಕಾರದ ನಂತರ ಕಾಣಿಸುತ್ತದೆ, ಓದುವುದು ಮಾತ್ರ ಮೊದಲು. ಅದೃಷ್ಟವಶಾತ್ ಯುನಿಕೋಡ್ ಸಂಕೇತದಲ್ಲಿ ಕಂಪ್ಯೂಟರು ಈ ಪದವನ್ನು ಓದುವ ಕ್ರಮದಲ್ಲಿಯೇ, ಅಂದರೆ ರಕಾರವನ್ನು ಮೊದಲು ಇಟ್ಟು, ಉಳಿಸಿಕೊಳ್ಳುತ್ತದೆ. ‘ಫಲ’ದ ಫಕಾರ ಬೇರೆ, ‘ಫೋನಿ’ನ ಫಕಾರ ಬೇರೆ. ‘ವ್ಯಾಪಾರ’ದ ಯಕಾರವನ್ನು ಉಚ್ಚರಿಸಬೇಕು, ‘ಬ್ಯಾಂಕಿ’ನ ಯಕಾರವನ್ನು ಉಚ್ಚರಿಸಿದರೆ ಜನ ನಗುತ್ತಾರೆ. ಎರಡನೆಯದು ಇಂಗ್ಲಿಷಿನಿಂದ ಬಂದ ಪದವೆಂದು ಗೊತ್ತಿದ್ದರೆ ಮಾತ್ರ ಸರಿಯಾಗಿ ಓದಲು ಸಾಧ್ಯ.

ಅಂಕಿಗಳದು ಇನ್ನೊಂದು ಕತೆ. ‘3 ಮರಗಳು’ ಎಂದರೆ ಮೂರು ಮರಗಳು. ‘3 ಮಂತ್ರಿಗಳು’ ಎಂದರೆ ಮೂವರು ಮಂತ್ರಿಗಳು. ಮರ ಯಾವುದು, ಮನುಷ್ಯರು ಯಾರು ಎಂದು ತಿಳಿಯದ ಯಂತ್ರ ಇಲ್ಲಿ ಎಡವುತ್ತದೆ. 1956 ಎಂಬ ಇಸವಿಯನ್ನು ಸಾವಿರದ ಒಂಬೈನೂರ ಐವತ್ತಾರು ಎಂದು ಓದಬೇಕು. ಬೆಂಗಳೂರಿನಿಂದ ದೆಹಲಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸಿನ 12627 ಎಂಬ ಸಂಖ್ಯೆಯನ್ನು ಒಂದು, ಎರಡು, ಆರು, ಎರಡು, ಏಳು ಎಂದು ಬಿಡಿಬಿಡಿಯಾಗಿ ಓದಬೇಕು. ‘ಕಿ.ಮೀ.’ ಎಂಬಲ್ಲಿ ಬಿಂದುವನ್ನು ಕಂಡು ವಾಕ್ಯ ಮುಗಿಯಿತೆಂದು ನಿಲ್ಲಬಾರದು. ಆದುದರಿಂದ ಯಂತ್ರವು ದನಿ ಹೊರಡಿಸುವ ಮೊದಲು ಬರಹವನ್ನು ಒಮ್ಮೆ ಬಿಡಿಸಿ, ಅಂಕಿಗಳನ್ನೂ ಸಂಕ್ಷೇಪಗಳನ್ನೂ ಪದಗಳಾಗಿ ಬರೆದುಕೊಳ್ಳುತ್ತದೆ. ಆಮೇಲೆ ಪದಗಳನ್ನು ಉಚ್ಚಾರಗಳಾಗಿ, ಉಚ್ಚಾರಗಳನ್ನು ಕಾಲ ಮತ್ತು ಏರಿಳಿತಗಳೊಡನೆ ದನಿಯಾಗಿ ಬದಲಿಸುತ್ತದೆ. ಮಕ್ಕಳಿಗೆ ಹೇಳುವುದಾದರೆ ಮೂರೇ ಮೆಟ್ಟಿಲು: ಬಿಡಿಸು, ಉಚ್ಚರಿಸು, ರಾಗ ಹಾಕು.

ಮೂರನೆಯ ಮೆಟ್ಟಿಲೇ ಕಡಿದಾದದ್ದು. ರೈಲು ನಿಲ್ದಾಣದ ಘೋಷಣೆಯನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಅಂಕಿಗಳನ್ನೂ ಊರಿನ ಹೆಸರುಗಳನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಬೇಕಾದಂತೆ ಹೊಲಿಯುತ್ತಾರೆ. ಪ್ರತಿಯೊಂದು ತುಂಡೂ ಸ್ಪಷ್ಟವಾಗಿದ್ದರೂ ಹೊಲಿಗೆ ಕೇಳಿಸುತ್ತದೆ. ಈ ಹೊಲಿಗೆಯನ್ನು ಮರೆಮಾಡಲು ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ದನಿಗಳು ಕೂಡುವ ಜಾಗದಲ್ಲಿ ಕತ್ತರಿಸದೆ, ದನಿಯೊಂದು ಸ್ಥಿರವಾಗಿರುವ ನಡುಭಾಗದಲ್ಲಿ ಕತ್ತರಿಸಿದರು. ಹಾಗೆ ಮಾಡಿದರೆ ಒಂದರಿಂದ ಇನ್ನೊಂದಕ್ಕೆ ಜಾರುವ ಸೂಕ್ಷ್ಮವೆಲ್ಲ ತುಂಡಿನೊಳಗೆ ಉಳಿಯುತ್ತದೆ. ತೊಂಬತ್ತರ ದಶಕದಲ್ಲಿ ಒಬ್ಬರ ದನಿಯನ್ನು ಗಂಟೆಗಟ್ಟಲೆ ಮುದ್ರಿಸಿಕೊಂಡು, ಅದರಿಂದ ಅತ್ಯಂತ ಹೊಂದುವ ತುಂಡುಗಳನ್ನು ಹುಡುಕಿ ತೆಗೆಯುವ ಕ್ರಮ ಬಂತು. ಭಾರತೀಯ ಭಾಷೆಗಳಿಗೆ ಇಂತಹ ದನಿಗಳನ್ನು ಕಟ್ಟಿದ ಐಐಟಿ ಮದರಾಸಿನ ಹೇಮಾ ಮೂರ್ತಿ ಅವರ ತಂಡವು ಬಿಡಿ ದನಿಗಳಿಗಿಂತ ಅಕ್ಷರವನ್ನೇ, ಅಂದರೆ ವ್ಯಂಜನ ಸ್ವರಗಳ ಕೂಟವನ್ನೇ, ತುಂಡಾಗಿ ಆರಿಸಿಕೊಂಡಿತು. ಹ್ಯಾಸ್ಕಿನ್ಸಿನಲ್ಲಿ ಕಂಡುಕೊಂಡ ಸತ್ಯಕ್ಕೆ ನಮ್ಮ ಲಿಪಿಯ ರಚನೆ ಇಲ್ಲಿ ಕೈಜೋಡಿಸಿತು. 2016ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ‘ವೇವ್‌ನೆಟ್’ ಹೊಲಿಗೆಯನ್ನೇ ಬಿಟ್ಟು, ಒಂದು ಸೆಕೆಂಡಿಗೆ 16,000 ಬಿಂದುಗಳಂತೆ ದನಿಯ ಅಲೆಯನ್ನು ಬಿಂದುಬಿಂದುವಾಗಿ ಹೊಸದಾಗಿ ಬರೆಯತೊಡಗಿತು. ಹಿಂದಿನ ಬಿಂದುಗಳಿಂದ ಮುಂದಿನ ಬಿಂದುವನ್ನು ಊಹಿಸುವ ಈ ಕ್ರಮದಲ್ಲಿ ಅಟಲ್ ಅವರ ಹಳೆಯ ತತ್ತ್ವದ ನೆರಳನ್ನು ಕಾಣಬಹುದು.

ಹೀಗಿದ್ದರೂ ‘ಸರಿ’ ಎಂಬ ಎರಡಕ್ಷರದ ಪದವನ್ನು ಯಂತ್ರ ಹೇಗೆ ಓದಬೇಕು? ಒಪ್ಪಿಗೆಯ ಸರಿಯೊಂದು, ಬೇಸರದ ಸರಿಯೊಂದು, ವ್ಯಂಗ್ಯದ ಸರಿಯೊಂದು, ಮಾತು ಮುಗಿಸಿ ಏಳುವಾಗಿನ ಸರಿಯೊಂದು. ಬರಹದಲ್ಲಿ ಇವೆಲ್ಲವೂ ಒಂದೇ. ಕತೆ ಓದಿ ಹೇಳುವ ಅಜ್ಜ ಅಜ್ಜಿಯರು ಈ ಭೇದವನ್ನು ಯೋಚಿಸದೆಯೇ ಮಾಡುತ್ತಾರೆ. ಏಕೆಂದರೆ ಅವರು ಅಕ್ಷರಗಳ ಜೊತೆಗೆ ಪಾತ್ರಗಳನ್ನೂ ಓದುತ್ತಿರುತ್ತಾರೆ. ಇಂದಿನ ಯಂತ್ರಗಳು ಲಕ್ಷಾಂತರ ವಾಕ್ಯಗಳನ್ನು ಕೇಳಿ ಇದನ್ನು ಬಹುಮಟ್ಟಿಗೆ ಅನುಕರಿಸುತ್ತವೆ.

ಅನುಕರಿಸುವುದಾದರೆ ಯಾರನ್ನು? ಇಲ್ಲಿ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ‘ಬರುತ್ತದೆ’ ಎಂದು ಬರೆದುದನ್ನು ಮೈಸೂರಿನವರು ‘ಬರುತ್ತೆ’ ಎನ್ನುತ್ತಾರೆ, ಧಾರವಾಡದವರು ‘ಬರ್ತದ’ ಎನ್ನುತ್ತಾರೆ, ಮಂಗಳೂರಿನವರು ‘ಬರ್ತದೆ’ ಎನ್ನುತ್ತಾರೆ. ಯಂತ್ರವು ಅಕ್ಷರಕ್ಕೆ ನಿಷ್ಠವಾಗಿ ‘ಬರುತ್ತದೆ’ ಎಂದು ಓದುತ್ತದೆ. ಅದು ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಆಡದ ಕನ್ನಡ ಅದು. ಹೊರನಾಡಿನ ಮಗುವೊಂದು ಮನೆಯಲ್ಲಿ ಕೇಳುವ ಧಾರವಾಡದ ಕನ್ನಡವನ್ನು ತಪ್ಪೆಂದೂ ಫೋನಿನ ಕನ್ನಡವನ್ನು ಸರಿಯೆಂದೂ ಭಾವಿಸಿದರೆ ನಷ್ಟ ನಮಗೇ. ಯಂತ್ರ ಓದುವುದನ್ನು ಕೇಳಿಸುವ ತಂದೆತಾಯಿಗಳು ಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಒಂದು, ಎರಡೂ ನಮ್ಮವೇ ಎಂಬುದನ್ನು ಜೊತೆಗೇ ಹೇಳಬೇಕಾಗುತ್ತದೆ.

ಒಳಗೆ ಓದುತ್ತಿರುವವರು ಯಾರು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಳಗೆ ಇರುವವರು ಒಬ್ಬರಲ್ಲ. ತಿದಿ ಒತ್ತಿದ ಕೆಂಪೆಲೆನ್, ಕೀಲಿ ಒತ್ತಿದ ಟೆಲಿಫೋನಿನ ಹೆಣ್ಣುಮಕ್ಕಳು, ಉಮೆಡಾ, ಅಟಲ್, ಕ್ಲಾಟ್, ಹೇಮಾ ಮೂರ್ತಿ, ಇವರ ಜೊತೆಗೆ ಯಾವುದೋ ಸ್ಟುಡಿಯೋದಲ್ಲಿ ಕೂತು ಸಾವಿರಾರು ಕನ್ನಡ ವಾಕ್ಯಗಳನ್ನು ತಾಳ್ಮೆಯಿಂದ ಓದಿಕೊಟ್ಟ ಹೆಸರು ತಿಳಿಯದವರು.

ಈ ಎಲ್ಲರ ದುಡಿಮೆ ಕನ್ನಡಕ್ಕೆ ಫಲಿಸಬೇಕಾದರೆ ಒಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಆರಂಭಿಸಿದ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವು ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದರೊಳಗಿನ ‘ಈಸ್ಪೀಕ್’ ಕನ್ನಡವನ್ನೂ ಓದುತ್ತದೆ. ದನಿ ಒರಟು, ಆದರೆ ಎಷ್ಟು ವೇಗವಾಗಿ ಓಡಿಸಿದರೂ ಸ್ಪಷ್ಟವಾಗಿರುವುದರಿಂದ ಅಭ್ಯಾಸವಿರುವ ಅಂಧ ಓದುಗರು ಅದನ್ನೇ ಮೆಚ್ಚುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ಕನ್ನಡದ ಮುದ್ರಿತ ಪುಟವನ್ನು ಗುರುತಿಸುವ, ಬರಹವನ್ನು ಓದುವ ವ್ಯವಸ್ಥೆಗಳನ್ನು ರೂಪಿಸಿದೆ. ಇಷ್ಟೆಲ್ಲ ಇದ್ದರೂ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಕನ್ನಡ ಈ ಯಂತ್ರಗಳಿಗೆ ಕನ್ನಡವಾಗಿ ಕಾಣಿಸುವುದೇ ಇಲ್ಲ. ಪರದೆಯ ಮೇಲೆ ನಮಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಓದಲು ಹೇಳಿದರೆ ಯಂತ್ರ ಅರ್ಥವಿಲ್ಲದ್ದನ್ನು ಒದರುತ್ತದೆ. ಬರಿಯ ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಪುಟಗಳ ಮುಂದೆ ಪರದೆ ಓದುವ ತಂತ್ರಾಂಶ ಸುಮ್ಮನೆ ನಿಲ್ಲುತ್ತದೆ.

ನಮ್ಮ ಹೊರನಾಡ ಕನ್ನಡ ಸಂಘಗಳ ಕಪಾಟುಗಳಲ್ಲಿ, ಹಳೆಯ ಕಂಪ್ಯೂಟರುಗಳಲ್ಲಿ ದಶಕಗಳ ಸ್ಮರಣ ಸಂಚಿಕೆಗಳು, ನಾಟಕಗಳು, ಭಾಷಣಗಳು ಹೀಗೆ ಮೂಕವಾಗಿ ಬಿದ್ದಿವೆ. ಮುಂಬಯಿಗೋ ಹೈದರಾಬಾದಿಗೋ ಮೊದಲು ಬಂದ ಕನ್ನಡಿಗರು ಅಲ್ಲಿ ಹೇಗೆ ಬದುಕಿದರು ಎಂಬುದನ್ನು ಅವು ಹೇಳಬಲ್ಲವು. ಅವನ್ನು ಯುನಿಕೋಡಿಗೆ ತಂದು, ತಪ್ಪು ತಿದ್ದಿ ಇಟ್ಟರೆ ಕಣ್ಣು ಕಾಣದ ಓದುಗರಿಗೆ ಅವು ಇಂದೇ ತೆರೆದುಕೊಳ್ಳುತ್ತವೆ. ಲಿಪಿ ಬಾರದ ನಮ್ಮ ಮಕ್ಕಳು ಕಿವಿಯಿಂದಲಾದರೂ ಅಜ್ಜನ ಬರಹವನ್ನು ಕೇಳುತ್ತಾರೆ. ಕೇಳಿದವರಲ್ಲಿ ಕೆಲವರಿಗೆ ಅಕ್ಷರ ಕಲಿಯುವ ಆಸೆಯೂ ಹುಟ್ಟೀತು. ಒಂದು ಸಂಘ ವರ್ಷಕ್ಕೆ ಒಂದು ಸಂಚಿಕೆಯನ್ನು ಕೈಗೆತ್ತಿಕೊಂಡರೂ ಸಾಕು, ಆರಂಭವಾದಂತೆ.